ಸಪ್ಪಲಮ್ಮನ ದೂರು

“ಇವತ್ತೇ ಕಳಿಸಿಬಿಡಿ ಸ್ವಾಮಿ ಅವನ್ನ. ನಾಳೆ ಅನ್ನಬ್ಯಾಡಿ.”

ಕಾಯಿಪಲ್ಯ ಮಾರುವ ಸಪ್ಪಲಮ್ಮ ಚಾಮರಾಜಪೇಟೆಯ ಬೀದಿಯಾಚೆ, ಹೊಂಗೆ ಮರದ ಕೆಳಗೆ ನಿಂತು ಕೂಗಿ ಹೇಳಿದಳು. ಮನೆಯ ಜಗಲಿಯಲ್ಲಿ ಕೂತಿದ್ದ ಕೋರ್ಟು ಗುಮಾಸ್ತ ಗಂಗಾಧರಯ್ಯನವರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ಹೆತ್ತವಳೇ ಮಗನನ್ನು ಜೈಲಿಗೆ ಹಾಕಿ ಎನ್ನುತ್ತಿದ್ದಾಳೆ.

ಮಗ ಅಶ್ವತ್ಥಪ್ಪನಿಗೆ ಇನ್ನೂ ಮೀಸೆ ಮೂಡಿಲ್ಲ. ಅಕ್ಕಿಪೇಟೆಯ ಮಂಡಿಯೊಂದರಲ್ಲಿ ಹಿತ್ತಾಳೆ ಕೊಳಗ ಕದ್ದು ಸಿಕ್ಕಿಬಿದ್ದಿದ್ದ. ಎಳೆಯವನೆಂದು ಮ್ಯಾಜಿಸ್ಟ್ರೇಟರು ಶಿಕ್ಷೆ ತಡೆದು, ಗಂಗಾಧರಯ್ಯನವರ ಕಣ್ಗಾವಲಿಗೆ ಒಪ್ಪಿಸಿದ್ದರು. ಅಕ್ಕಿಪೇಟೆಗೆ ಕಾಲಿಡಕೂಡದು. ಇಟ್ಟರೆ ಊರಾಚೆಯ ಬಾಲಬಂದಿಗಳ ಜೈಲು. ಹುಡುಗ ಆಗಲೇ ಎರಡು ಸಲ ತಪ್ಪಿದ್ದ. ಗಂಗಾಧರಯ್ಯನವರು ಎರಡು ಸಲವೂ ಬೈದು ಬಿಟ್ಟಿದ್ದರು. ಜೈಲಿಗೆ ಹೋದ ಹುಡುಗ ಪಳಗಿದ ಕಳ್ಳನಾಗಿಯೇ ಹೊರಬರುತ್ತಾನೆ ಎಂಬುದು ಅವರ ನಂಬಿಕೆ.

“ಈಗೇನು ಮಾಡ್ದ?”

“ನೆನ್ನೆ ಮತ್ತೆ ಅಕ್ಕಿಪೇಟೆಗೆ ಹೋಗಿದ್ದ. ಬೀಗ ಮುರಿಯಾಕೆ.”

ನಂಬುವಂಥ ಮಾತೇ. ಪ್ಲೇಗು ಹೊಕ್ಕ ಮನೆಯವರನ್ನೆಲ್ಲ, ಗಡ್ಡೆ ಎದ್ದವರು ಏಳದವರು ಎನ್ನದೆ, ಸರ್ಕಾರದವರು ಒಟ್ಟಿಗೆ ಪ್ಲೇಗು ಶೆಡ್ಡಿಗೆ ಸಾಗಿಸುತ್ತಿದ್ದರು. ಆ ಭಯಕ್ಕೆ ಪೇಟೆಯ ಅರ್ಧ ಜನ ಬೀಗ ಜಡಿದು ಓಡಿದ್ದರು. ಕಳ್ಳರಿಗೆ ಸುಗ್ಗಿ.

ಜಗಲಿಯ ಕಂಬಕ್ಕೆ ಒರಗಿದ್ದ ಹುಡುಗ ಬಿಕ್ಕಿದ. “ಸುಳ್ಳು ಸ್ವಾಮಿ. ನಾನೆಲ್ಲೂ ಹೋಗಿಲ್ಲ. ಇವ್ಳೇ ನನ್ನ ಒಳೀಕೆ ಸೇರಿಸ್ತಿಲ್ಲ. ಗಾಡಿ ಕೆಳ್ಗೆ ಮಲಕ್ಕೊ, ಮುದ್ದೆ ಪಕ್ಕದ ಮನೇಲಿ ಕೇಳ್ಕೊಂಡು ತಿನ್ನು ಅಂತಾಳೆ.”

“ಕಳ್ಳನ್ನ ಒಳೀಕೆ ಕರ್ಕೊಂಡು ಆರತಿ ಎತ್ತಬೇಕಿತ್ತಾ?” ಎಂದಳು ಸಪ್ಪಲಮ್ಮ.

ಗಂಗಾಧರಯ್ಯನವರ ಹೆಂಡತಿ ಗಿರಿಜಾಂಬಾ ಮಜ್ಜಿಗೆ ತಂದರು. “ಬಾರಮ್ಮ ಇತ್ಲಾಗೆ. ಮುಖ ನೋಡು, ಎಷ್ಟು ಕೆಂಪಾಗಿದೆ.”

ಸಪ್ಪಲಮ್ಮ ಇನ್ನೊಂದು ಹೆಜ್ಜೆ ಹಿಂದೆ ಸರಿದಳು. “ಬ್ಯಾಡಿ ತಾಯಿ. ನಿಮ್ಮಂತೋರ ಜಗಲಿ ತಾವ ನಾವು ಬರಬಾರ್ದು.”

ಮಡಿವಂತರ ಬೀದಿಯಲ್ಲಿ ಇಂಥ ಮಾತು ಹೊಸದಲ್ಲ. ಅವಳ ವಿನಯ ಗಂಗಾಧರಯ್ಯನವರಿಗೆ ಹಿಡಿಸಿತು. ಕಲ್ಲುಮನಸ್ಸು ಹಿಡಿಸಲಿಲ್ಲ.

“ನೋಡಮ್ಮ, ಮ್ಯಾಜಿಸ್ಟ್ರೇಟರಿಗೆ ನಾನು ಬರೆದು ಕೊಡಲ್ಲ. ಹುಡುಗ ನಿನ್ನ ಹತ್ರಾನೇ ಇರ್ಲಿ. ತಾಯಿ ಸೆರಗಿಗಿಂತ ದೊಡ್ಡ ಕಾವಲು ಯಾವುದಿದೆ?”

“ಬರೀರಿ ಸ್ವಾಮಿ. ಕೈ ಮುಗೀತೀನಿ.” ಮೇಲೆದ್ದದ್ದು ಒಂದೇ ಕೈ. ಕೊಬ್ಬು ಎಂದುಕೊಂಡರು ಗಂಗಾಧರಯ್ಯನವರು.

“ಹೋಗೋ, ನಿಮ್ಮವ್ವನ ಕಾಲು ಹಿಡ್ಕೊ. ಕರಗ್ತಾಳೆ.”

“ಬರಬ್ಯಾಡ. ಅಲ್ಲೇ ನಿಲ್ಲು.” ಅವಳು ಹಿಂದೆ ಸರಿಯಹೋದಳು. ಮರ ಅಡ್ಡವಾಯಿತು. ಅಷ್ಟರಲ್ಲಿ ಹುಡುಗ ಓಡಿಹೋಗಿ, ಕಾಲು ಬಿಟ್ಟು ಅವಳನ್ನೇ ತಬ್ಬಿ, ಎದೆಗೆ ಮುಖ ಒತ್ತಿ ಅಳತೊಡಗಿದ. ಜಗಲಿಯ ಮೇಲೆ ಗಂಗಾಧರಯ್ಯನವರ ಕಣ್ಣು ತುಂಬಿತು. ಇಂಥದ್ದನ್ನು ಯಾವ ಜೈಲು ಮಾಡೀತು?

ಸಪ್ಪಲಮ್ಮ ಮಗನನ್ನು ದೂಡಲಿಲ್ಲ. ಇನ್ನು ದೂಡಿ ಫಲವಿರಲಿಲ್ಲ.

“ಕಂಕುಳಲ್ಲಿ ಗಡ್ಡೆ ಎದ್ದೈತೆ ಸ್ವಾಮಿ,” ಎಂದಳು. “ಜೈಲಲ್ಲಾದ್ರೂ ಇವನೊಬ್ಬ ಉಳ್ಕೊಳ್ಲಿ ಅಂತ ಬಂದಿದ್ದೆ.”