ಕಾಲು ಕಟ್ಟಿಕೊಂಡ ಕಳ್ಳ

ತೆರೆಯ ಮೇಲೆ ಕಳ್ಳರ ಗುಂಪಿನ ನಾಯಕ ಊರುಗೋಲು ಊರುತ್ತ ಕಾಣಿಸಿಕೊಂಡ. ಮೊಣಕಾಲಿನಿಂದ ಕೆಳಗೆ ಅವನಿಗೆ ಎಡಗಾಲು ಇರಲಿಲ್ಲ. ಹಂಸಾ ಕುರ್ಚಿಯಿಂದ ಅರ್ಧ ಎದ್ದಳು. ಪಕ್ಕದಲ್ಲಿ ಕುಳಿತಿದ್ದ ಅವಳ ಗಂಡ ಸಂತೋಷನಿಗೂ ಇರಲಿಲ್ಲ, ಅದೇ ಕಾಲು.

"ಸಂತು, ಬಾ ಹೋಗೋಣ. ಹೀಗೆ ಅಂತ ನಂಗೆ ಗೊತ್ತಿರ್ಲಿಲ್ಲ, ಪ್ರಾಮಿಸ್."

"ಕೂತ್ಕೋ," ಎಂದ ಸಂತೋಷ. ಅವನ ಕಣ್ಣು ತೆರೆಯ ಮೇಲೇ ಇತ್ತು.

ಹಂಸಾ ಕುಳಿತಳು, ಬೆಂಕಿಯ ಮೇಲೆ ಕುಳಿತ ಹಾಗೆ. ಶರತ್ಕಾಲದಲ್ಲಿ ಜಪಾನಿನ ಈ ನಗೋಯಾದ ತಿರುವೊಂದರಲ್ಲಿ ಲಾರಿ ಅವನ ಸೈಕಲ್ಲಿಗೆ ಗುದ್ದಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಸಂತೋಷ ಮಾತು ಬಿಟ್ಟ. ಕೃತಕ ಕಾಲಿನ ಅಳತೆ ಕೊಡಲು ಇವತ್ತು ನಾಳೆ ಎನ್ನುತ್ತ ಚಳಿಗಾಲವನ್ನೇ ಕಳೆದ. ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದೆಂದರೆ, ರಾತ್ರಿ ಎದ್ದು ಬಾಲ್ಕನಿಯ ಬಾಗಿಲು ಸರಿಸಿ, ಕೊರೆಯುವ ಗಾಳಿಯಲ್ಲಿ ಒಬ್ಬನೇ ಕೂರುತ್ತಿದ್ದ. ಅವರ ಮನೆ ಒಂಬತ್ತನೇ ಮಹಡಿಯಲ್ಲಿತ್ತು. ಹಂಸಾ ನಿದ್ದೆ ಬಂದವಳಂತೆ ಮಲಗಿ, ರೆಪ್ಪೆಯ ಸಂದಿಯಿಂದ ಅವನ ಬೆನ್ನನ್ನೇ ಕಾಯುತ್ತಿದ್ದಳು. ಏನು ಯೋಚಿಸುತ್ತಿದ್ದೀಯ ಎಂದು ಕೇಳಲು ಬಾಯಿ ಬರುತ್ತಿರಲಿಲ್ಲ. ಅವನು ಉತ್ತರ ಕೊಟ್ಟುಬಿಟ್ಟರೆ?

ಪಕ್ಕದ ಮನೆಯ ಮಾತ್ಸುಓ-ಸಾನ್ ಎರಡು ಟಿಕೆಟು ಕೊಟ್ಟು, ನೂರು ವರ್ಷ ಹಳೆಯ ಅಮೆರಿಕದ ಮೂಕಿ ಚಿತ್ರ, ಕಳ್ಳರ ಕಥೆ, ಭಾಷೆ ಬರದಿದ್ದರೂ ನಡೆಯುತ್ತದೆ ಎಂದಿದ್ದರು. ಹಂಸಾ ಕಾಡಿ ಬೇಡಿ ಅವನನ್ನು ಹೊರಡಿಸಿದ್ದಳು. ಹೊರಡಿಸಿ ತಂದು ಕೂರಿಸಿದ್ದು ಇಂಥ ಚಿತ್ರದ ಮುಂದೆ!

ತೆರೆಯ ಪಕ್ಕದಲ್ಲಿ ಕಿಮೊನೊ ಉಟ್ಟ ಹೆಂಗಸೊಬ್ಬಳು ನಿಂತು, ನಮ್ಮ ಹರಿಕಥೆ ದಾಸರ ಹಾಗೆ, ಕಳ್ಳನಿಗೂ ಪೊಲೀಸನಿಗೂ ತಾನೇ ದನಿ ಕೊಡುತ್ತಿದ್ದಳು. ಕಳ್ಳನ ಪಾತ್ರದ ನಟನಿಗೆ ಹೀರೋನ ಚೆಲುವಿರಲಿಲ್ಲ. ಗುಳಿಬಿದ್ದ ಕೆನ್ನೆ, ಅಗಲ ದವಡೆ, ನೋಡಿದವರನ್ನು ಸುಡುವ ಕಣ್ಣು. ಆ ಹೆಂಗಸು ಅವನ ಕಡೆ ಕೈ ತೋರಿಸಿ ಏನೋ ನಿಟ್ಟುಸಿರಿಟ್ಟು ಹೇಳಿದಳು. ಹಂಸಾಳಿಗೆ ಅಷ್ಟು ಜಪಾನೀಸ್ ಬರುತ್ತಿರಲಿಲ್ಲ.

"ಏನಂದ್ಲು?"

"ಕಾಲು ಹೋದ ಸಿಟ್ಟಿಗೇ ಇವನು ಕಳ್ಳ ಆಗಿದ್ದಂತೆ." ಸಂತೋಷ ಅವಳ ಕಿವಿಯತ್ತ ಬಾಗಿದ. "ಹಾಗಾದ್ರೆ ನಾನು ಯಾವ ಬ್ಯಾಂಕ್ ನೋಡ್ಕೊಳ್ಲಿ?"

ಹಂಸಾ ತಿರುಗಿ ನೋಡಿದಳು. ತಮಾಷೆ ಮಾಡಿದನೇ? ಮಾಡಿದ್ದ. ಅಷ್ಟಕ್ಕೇ ನಿಲ್ಲಲೂ ಇಲ್ಲ.

"ಊರುಗೋಲು ಹಿಡ್ಕೊಂಡಿರೋದು ನೋಡು, ಪೂರ್ತಿ ಭಾರ ಕಂಕುಳಿಗೇ ಹಾಕಿದಾನೆ. ನಮ್ಮ ಥೆರಪಿಸ್ಟ್ ನೋಡಿದ್ರೆ ಬೈತಿದ್ರು. ಕೋಟಿನ ಹಿಂದೆ ಉಬ್ಬು ಕಾಣುತ್ತಾ? ಕಾಲು ಮಡಚಿ ಬೆಲ್ಟ್ ಹಾಕಿ ಬಿಗಿದಿದಾನೆ. ರಕ್ತ ಓಡಲ್ಲ ಕಣೇ ಹಾಗೆ. ಹೇಗೆ ತಡ್ಕೊಂಡ್ನೋ ಪಾಪ."

ಇಡೀ ಚಳಿಗಾಲದಲ್ಲಿ ಅವನು ಇಷ್ಟು ಮಾತಾಡಿರಲಿಲ್ಲ. ಮುಂದಿನ ಸಾಲಿನ ಮುದುಕಿ ತಿರುಗಿದಳು. "ಸುಮಿಮಾಸೆನ್," ಎಂದು ಹಂಸಾ ಕ್ಷಮೆ ಕೇಳಿ ತಲೆ ತಗ್ಗಿಸಿದಳು. ಒಳಗೊಳಗೇ ಅಂದುಕೊಂಡಳು: ಮಾತಾಡು ಸಂತು, ಇನ್ನೂ ಮಾತಾಡು.

ಕಳ್ಳತನ ಮುಗಿಯಿತು. ಗುಂಪಿನವರು ಚೀಲ ಹೊತ್ತು ಹೋದರು. ನಾಯಕ ಒಬ್ಬನೇ ಉಳಿದ. ಮಂಚದ ಅಂಚಿಗೆ ಕುಳಿತು, ಯಾವುದೋ ಯೋಚನೆಯಲ್ಲಿ ಕೈ ಕೆಳಗೆ ಚಾಚಿ, ಪಾದ ಇರಬೇಕಾಗಿದ್ದ ಕಡೆ ಬರೀ ಗಾಳಿಯನ್ನು ಕೆರೆದ. ಬೆಚ್ಚಿ ನಿಲ್ಲಿಸಿದ. ತನ್ನ ಕೈಯನ್ನೇ ನೋಡಿಕೊಂಡ. ಆಮೇಲೆ ಆ ಕೈಯನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡ. ಕಿಮೊನೊ ಹೆಂಗಸು ಅಲ್ಲಿ ಮಾತೇ ಆಡಲಿಲ್ಲ.

ಸಂತೋಷ ಹೆಂಡತಿಯ ಮಣಿಕಟ್ಟು ಹಿಡಿದ. ಹಿಡಿತ ಬಿಗಿಯಾಗಿತ್ತು.

"ಇವನಿಗೆ ಹೇಗೆ ಗೊತ್ತು ಹಂಸಾ? ಎರಡೂ ಕಾಲಿತ್ತಲ್ಲ ಇವನಿಗೆ!"

"ಏನು ಗೊತ್ತು?"

"ತುರಿಕೆ. ಇಲ್ಲದೇ ಇರೋ ಕಾಲಿನ ಹೆಬ್ಬೆಟ್ಟು ತುರಿಸುತ್ತೆ. ಜೀವ ಹೋಗೋ ಹಾಗೆ. ಕೆರೆಯೋಣ ಅಂದ್ರೆ ಅಲ್ಲೇನೂ ಇಲ್ಲ. ನೋವು ಬರಬಹುದು ಅಂತ ಡಾಕ್ಟರ್ ಹೇಳಿದ್ರು, ತುರಿಕೆ ವಿಷ್ಯ ಯಾರೂ ಹೇಳ್ಲಿಲ್ಲ. ನಂಗೇ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ. ತಣ್ಣಗಿನ ಗಾಳಿ ತಾಗಿದ್ರೆ ಸ್ವಲ್ಪ ತಡೆಯುತ್ತೆ ಅಂತ ಬಾಲ್ಕನಿ ಬಾಗಿಲು ತೆಗೆದು ಕೂರ್ತಿದ್ದೆ."

"ಅದಕ್ಕಾ?"

"ಇನ್ಯಾಕೆ? ನೀನೇನಂದ್ಕೊಂಡಿದ್ದೆ?"

ಹಂಸಾಳಿಗೆ ನಗು ಮೊದಲು ಬಂತೋ ಅಳು ಮೊದಲು ಬಂತೋ, ಸೆರಗಿಲ್ಲದ ಬಟ್ಟೆಯಲ್ಲಿ ಬಾಯಿಗೆ ಒತ್ತಿಕೊಳ್ಳಲು ಏನೂ ಸಿಗದೆ, ಅವನ ತೋಳಿಗೇ ಮುಖ ಒತ್ತಿದಳು. ಎದೆಯ ಮೇಲೆ ಚಳಿಗಾಲವೆಲ್ಲ ಕೂತಿದ್ದ ಬಂಡೆ ಎದ್ದು ಹೋಗಿತ್ತು. ತೆರೆಯ ಮೇಲೆ ಪೊಲೀಸರು ಕಳ್ಳನನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರು. ಸಿಕ್ಕಿದನೋ ಇಲ್ಲವೋ, ಅವಳು ನೋಡಲಿಲ್ಲ.

ಹಿಂದಿರುಗುವ ರೈಲಿನಲ್ಲಿ ಅಷ್ಟು ಜನರಿರಲಿಲ್ಲ. ಸೋಮವಾರ ಅಳತೆ ಕೊಡಲು ಹೋಗೋಣ ಎಂದು ಸಂತೋಷ ತಾನಾಗಿಯೇ ಹೇಳಿದ. ಎರಡು ಸ್ಟೇಷನ್ ದಾಟುವಷ್ಟರಲ್ಲಿ ಅವನ ಮುಖ ಕಿವುಚಿತು.

"ಶುರುವಾಯ್ತಾ?"

ಅವನು ತಲೆಯಾಡಿಸಿದ. ಹಂಸಾ ಅತ್ತಿತ್ತ ನೋಡಲಿಲ್ಲ. ಸೀಟಿನಿಂದ ಇಳಿದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಮಡಚಿ ಪಿನ್ನು ಹಾಕಿದ್ದ ಪ್ಯಾಂಟಿನ ಕೆಳಗೆ, ಪಾದ ಇರಬೇಕಾಗಿದ್ದ ಜಾಗದಲ್ಲಿ ಉಗುರಿನಿಂದ ಗಾಳಿಯನ್ನು ಕೆರೆಯತೊಡಗಿದಳು. ಎದುರಿನ ಸೀಟಿನವರು ಮೊಬೈಲಿನಿಂದ ತಲೆ ಎತ್ತಿದರು.

ಸಂತೋಷ ಕಣ್ಣು ಮುಚ್ಚಿಕೊಂಡು ಹೇಳಿದ: "ಇನ್ನೊಂಚೂರು ಎಡಕ್ಕೆ."