ಹಳೆಯ ತಂಡದ ಸನ್ನೆ
ಅಮೆರಿಕನ್ ಫುಟ್‌ಬಾಲ್‌ನಲ್ಲಿ ಓಡುತ್ತಲೇ ಚೆಂಡು ಹಿಡಿಯುವ ಆಟಗಾರ ಅವನು. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಅವನನ್ನು ಆರಿಸಿರಲಿಲ್ಲ. ಆಮೇಲೆ ಹೇಗೋ ಸೇರಿಸಿಕೊಂಡಿದ್ದ ತಂಡವೂ ಸೋಮವಾರ ಕೈಬಿಟ್ಟಿತು. ಮರುದಿನವೇ, ಆ ತಂಡದ ಭಾನುವಾರದ ಎದುರಾಳಿಗಳಿಂದ ಕರೆ ಬಂತು. ಅವನಿಗೆ ಅನುಮಾನ.

"ನನ್ನಲ್ಲೇನು ಕಂಡ್ರಿ ಸಾರ್?"

"ನಿನ್ನ ಕೈ ಚೆನ್ನಾಗಿದೆ," ಎಂದು ಹೊಸ ಕೋಚ್ ಕಾಫಿ ಮುಂದಿಟ್ಟ. "ಅಂದ ಹಾಗೆ, ನಿನ್ನ ಹಳೇ ಕೋಚ್ ಹಣೆ ಮುಟ್ಕೊಂಡ್ರೆ ಚೆಂಡು ಯಾವ ಕಡೆಗೆ?"

ಕರೆಸಿದ್ದು ಇದಕ್ಕೇ. ಗೊತ್ತಾದರೂ ಹೊಟ್ಟೆಪಾಡು ನೋಡಿ, ಎಲ್ಲ ಸನ್ನೆಗಳನ್ನೂ ಹೇಳಿಬಿಟ್ಟ.

ಭಾನುವಾರ ಹಳೆಯ ಕೋಚ್ ಹಣೆ ಮುಟ್ಟಿಕೊಂಡಾಗಲೆಲ್ಲ ಹೊಸ ತಂಡದವರು ಅವನು ಹೇಳಿದಂತೆ ಬಲಕ್ಕೆ ಓಡಿದರು, ಚೆಂಡು ಎಡಕ್ಕೆ ಹೋಯಿತು. ಹೀನಾಯವಾಗಿ ಸೋತು, ಅಂದೇ ಅವನನ್ನು ಹೊರಹಾಕಿದರು.

ಗೇಟಿನಲ್ಲಿ ಹಳೆಯ ಕೋಚ್ ಕಾಯುತ್ತಿದ್ದ.

"ನೀನು ಹೇಳೇ ಹೇಳ್ತೀಯ ಅಂತ ನಂಬಿಕೆ ಇತ್ತು ಕಣಯ್ಯಾ. ಬಾ, ನಿನ್ನ ಜಾಗ ಹಾಗೇ ಇದೆ."