ಬಂಡೆಯ ಕಿವಿ

“ಮಳೆ ಬಿದ್ದ ಮೇಲೆ ಬಂಡೆ ಹತ್ತೋರಿಗೂ ಕೊಲೆಗಾರರಿಗೂ ಇರೋ ವ್ಯತ್ಯಾಸ ಒಂದೇ,” ಎಂದರು ಅಧ್ಯಕ್ಷರು. “ಕೊಲೆಗಾರರಿಗೆ ಆಮೇಲಾದ್ರೂ ಪಶ್ಚಾತ್ತಾಪ ಆಗುತ್ತೆ.”

ಬಂಡೆ ಹತ್ತುವವರ ಕ್ಲಬ್ಬಿನ ಸಭೆ ತಲೆದೂಗಿತು. ಸೈಕಲ್ ರಿಪೇರಿ ಅಂಗಡಿಯ ಮೇಲಿದ್ದ ಆ ಇಕ್ಕಟ್ಟಿನ ಕೋಣೆಯಲ್ಲಿ ತಲೆದೂಗುವುದು ಬಿಟ್ಟರೆ ಬೇರೆ ವ್ಯಾಯಾಮಕ್ಕೆ ಜಾಗವಿರಲಿಲ್ಲ. ಆರೋಪಿ ಮಡಚು ಕುರ್ಚಿಯಲ್ಲಿ, ಪ್ಲಾಸ್ಟರ್ ಹಾಕಿದ ಕಾಲನ್ನು ಹಗ್ಗದ ಸುರುಳಿಯ ಮೇಲೆ ಚಾಚಿ ಕೂತಿದ್ದಳು. ಅಧ್ಯಕ್ಷರ ಸ್ವಂತ ತಂಗಿಯ ಮಗಳು. ಅವಳಿಗೆ ಹಗ್ಗಕ್ಕೆ ಮೊದಲ ಗಂಟು ಹಾಕಲು ಕಲಿಸಿದವರೂ ಅವರೇ.

ಅಧ್ಯಕ್ಷರು ವೃತ್ತಿಯಿಂದ ದಂತವೈದ್ಯರು, ಸ್ವಂತ ನೇಮಕದಿಂದ ಬಂಡೆಯ ಆತ್ಮಸಾಕ್ಷಿ. ಊರಾಚೆಯ ಮರಳುಗಲ್ಲಿನ ಗೋಡೆ ಮಳೆಗೆ ನೀರು ಕುಡಿದು ಮೆತ್ತಗಾಗುತ್ತದೆ, ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಿರುತ್ತದೆ, ಆಗ ಹತ್ತಿದರೆ ಹಿಡಿಗಳು ಕಿತ್ತು ಬರುತ್ತವೆ, ಕಿತ್ತು ಬಂದದ್ದು ಮತ್ತೆ ಹುಟ್ಟುವುದಿಲ್ಲ. ಇದನ್ನು ಅವರು ಬಾಯಿ ತೆರೆದು ಮಲಗಿದ ರೋಗಿಗಳಿಗೂ ಬಿಡದೆ ಹೇಳುತ್ತಿದ್ದರು. ಎದುರಾಡುವ ಸ್ಥಿತಿಯಲ್ಲಿ ರೋಗಿಗಳು ಇರುತ್ತಿರಲಿಲ್ಲ.

ಆ ಗೋಡೆಯ ನೆತ್ತಿಯ ಬಳಿ ಒಂದು ಉಬ್ಬು. ಎಲ್ಲರೂ ಅದನ್ನು ಕಿವಿ ಎನ್ನುತ್ತಿದ್ದರು. ಅದನ್ನು ಹಿಡಿಯದೆ ಮೇಲೆ ದಾರಿಯೇ ಇಲ್ಲ. ಹಿಂದೆ ಘಟಾನುಘಟಿಗಳೆಲ್ಲ ಅದರ ಕೆಳಗಿನವರೆಗೆ ಹೋಗಿ, ಮುಂದೆ ಬರೀ ಬೋಳು ಎಂದು ಇಳಿದು ಬಂದಿದ್ದರು. ದಂತವೈದ್ಯರು ಒಂದು ಬೇಸಿಗೆಯಿಡೀ ಮೇಲಿನಿಂದ ಹಗ್ಗ ಇಳಿಬಿಟ್ಟುಕೊಂಡು ಒಬ್ಬರೇ ನೇತಾಡುತ್ತ ಗೋಡೆಯ ಧೂಳು, ಪಾಚಿ ತೆಗೆದು, ಕೊನೆಗೊಂದು ದಿನ ಕೆಳಗಿನಿಂದ ಹತ್ತಿಯೇಬಿಟ್ಟರು. “ಬೇರೆಯವರಿಗೆ ಬೋಳು ಕಂಡಲ್ಲಿ ನನಗೆ ಕಿವಿ ಕಂಡಿತು,” ಎಂದಿದ್ದರು ಸನ್ಮಾನದ ದಿನ. “ಅದಕ್ಕೆ ಕಣ್ಣು ಬೇಕು.” ಅಂದಿನಿಂದ ಅವರೇ ಅಧ್ಯಕ್ಷರು. ಬೇರೊಬ್ಬರ ಹೆಸರು ಸೂಚಿಸುವಷ್ಟು ಕಣ್ಣು ಕ್ಲಬ್ಬಿನಲ್ಲಿ ಯಾರಿಗೂ ಇರಲಿಲ್ಲ.

ಕಳೆದ ಭಾನುವಾರ ಆ ಕಿವಿ ಸೋದರಸೊಸೆಯ ಕೈಗೇ ಕಿತ್ತು ಬಂದಿತ್ತು.

ಹಗ್ಗ ಅವಳ ಜೀವ ಉಳಿಸಿತು, ಕಣಕಾಲನ್ನು ಉಳಿಸಲಿಲ್ಲ. ಸುದ್ದಿ ತಿಳಿದ ಅಧ್ಯಕ್ಷರು ಆಸ್ಪತ್ರೆಗೆ ಬರುವ ಬದಲು ನೇರವಾಗಿ ಬಂಡೆಯ ಬುಡಕ್ಕೆ ಓಡಿದರು. ಕತ್ತಲಾಗುವವರೆಗೆ ಪೊದೆಗಳಲ್ಲಿ ಬಗ್ಗಿ ಕಿವಿಯ ಮುರಿದ ತುಂಡಿಗಾಗಿ ತಡಕಾಡಿದರು. ಇಂಥ ಬಂಡೆಪ್ರೇಮವನ್ನು ನೆನೆದು ಸದಸ್ಯರು ಗದ್ಗದಿತರಾದರು.

“ಮಾವ, ಬಂಡೆ ಒಣಗಿತ್ತು,” ಎಂದಳು ಅವಳು. “ಬುಡದ ಮಣ್ಣು ಬಗೆದು ನೋಡ್ದೆ. ಒಳಗೂ ತೇವ ಇರ್ಲಿಲ್ಲ. ನೀವೇ ಹೇಳ್ಕೊಟ್ಟಿದ್ದು.”

“ಇಲ್ಲಿ ಮಾವ ಯಾರೂ ಇಲ್ಲ. ಅಧ್ಯಕ್ಷರು ಅನ್ನು.”

“ಅಧ್ಯಕ್ಷರೇ, ಬಂಡೆ ಒಣಗಿತ್ತು.”

“ಒಣಗಿದ ಬಂಡೆ ಕಿತ್ತು ಬರಲ್ಲ. ಕಿವಿ ಕಿತ್ತು ಬಂತು. ಅಂದ್ಮೇಲೆ ಬಂಡೆ ಒದ್ದೆ ಇತ್ತು. ಇಷ್ಟು ತರ್ಕ ಸಾಕಲ್ಲ?”

ಸಾಕು ಎಂಬಂತೆ ಸಭೆ ಮತ್ತೆ ತಲೆದೂಗಿತು.

ಶಿಕ್ಷೆ ಉಚ್ಚಾಟನೆ. ಮುಂದಿನ ತಿಂಗಳು ಅವಳು ತರಬೇತಿ ಕೇಂದ್ರದಲ್ಲಿ ಕಲಿಸುವ ಕೆಲಸಕ್ಕೆ ಸೇರಬೇಕಿತ್ತು. ಕ್ಲಬ್ಬು ಹೊರಹಾಕಿದವಳ ಕೈಗೆ ಬೇರೆಯವರ ಜೀವದ ಹಗ್ಗವನ್ನು ಯಾರು ಕೊಟ್ಟಾರು? ಅದಕ್ಕಿಂತ ಹೆಚ್ಚಾಗಿ, ಬಂದಾಗಿನಿಂದ ಮಾವ ಒಮ್ಮೆಯೂ ತನ್ನ ಕಾಲಿನ ಕಡೆ ನೋಡಿಲ್ಲ ಎಂಬುದು ಅವಳನ್ನು ಚುಚ್ಚುತ್ತಿತ್ತು.

ಬಾಗಿಲ ಪಕ್ಕದಲ್ಲಿ ಅವಳ ಅತ್ತೆ, ಅಂದರೆ ಅಧ್ಯಕ್ಷರ ಹೆಂಡತಿ, ಕೂತಿದ್ದರು. ಅವರೂ ದಂತವೈದ್ಯರೇ. ಅದೇ ಕ್ಲಿನಿಕ್ಕಿನ ಇನ್ನೊಂದು ಕುರ್ಚಿ ಅವರದು. ಬಂಡೆ ಹತ್ತುವುದನ್ನು ವಾಸಿಯಾಗದ ಕಾಯಿಲೆ ಎಂದು ನಂಬಿದ್ದ ಅವರು ಇಷ್ಟು ವರ್ಷದಲ್ಲಿ ಆ ಗೋಡೆಯ ಹತ್ತಿರವೂ ಸುಳಿದವರಲ್ಲ. ಇವತ್ತು ಬಂದದ್ದು ಹುಡುಗಿಯನ್ನು ಕಾರಿನಲ್ಲಿ ವಾಪಸು ಕರೆದೊಯ್ಯಲು ಮಾತ್ರ.

“ಉಚ್ಚಾಟನೆಗೆ ಒಪ್ಪೋರು ಕೈ ಎತ್ತಿ,” ಎಂದರು ಅಧ್ಯಕ್ಷರು. ಬಂಡೆ ಹತ್ತಿ ಪಳಗಿದ ಕೈಗಳು ಸಲೀಸಾಗಿ ಮೇಲೇರಿದವು. ಕಾರ್ಯದರ್ಶಿಯ ಕೈ ಮಾತ್ರ ಅರ್ಧಕ್ಕೆ ನಿಂತಿತು.

“ಸರ್, ಆ ಚೂರನ್ನ ಗೊತ್ತಿರೋರಿಗೆ ತೋರಿಸಿ, ಒದ್ದೆ ಇತ್ತೋ ಇಲ್ವೋ ಕೇಳ್ಬಹುದಿತ್ತು. ಸಿಕ್ಕಿದ್ರೆ.”

“ಸಿಗಲ್ಲ. ನಾನೇ ಹುಡುಕಿದೀನಿ. ಸತ್ತದ್ದನ್ನ ಕೆದಕಿ ಅವಮಾನ ಮಾಡೋದು ಬೇಡ.”

“ನನ್ನ ಹತ್ರ ಇದೆ,” ಎಂದಳು ಹುಡುಗಿ. “ಬೀಳೋವಾಗ ಮುಷ್ಟೀಲೇ ಇತ್ತು. ಆಸ್ಪತ್ರೇಲಿ ಬೆರಳು ಬಿಡಿಸಿ ತೆಗೆದ್ರು.”

ಅಧ್ಯಕ್ಷರ ಮುಖ ಸುಣ್ಣವಾಯಿತು. ಪಾಪ, ಎಷ್ಟು ದುಃಖ, ಎಂದುಕೊಂಡರು ಸದಸ್ಯರು.

ಅವಳು ಚೀಲದಿಂದ ತೆಗೆದಳು. ಮೇಲೆಲ್ಲ ಮರಳು ಅಂಟಿದ, ಬಿಸಿಲು ತಿಂದ ಚೂರು. ಮುರಿದ ಕಡೆ ಮಾತ್ರ ನುಣ್ಣಗೆ, ತಿಳಿ ಗುಲಾಬಿ. ಒಬ್ಬರು ಟೋಪಿ ತೆಗೆದು ಅದನ್ನು ಕೈಗೆ ತೆಗೆದುಕೊಂಡರು. ಇನ್ನೊಬ್ಬರು, “ಆಹಾ, ಎಂಥ ಜೀವಂತ ಬಣ್ಣ!” ಎಂದು ನಿಟ್ಟುಸಿರುಬಿಟ್ಟರು.

“ಅದೇ, ಅದೇ, ನೀರು ಕುಡಿದ ಗುರುತು!” ಅಧ್ಯಕ್ಷರು ಕುರ್ಚಿಗಳನ್ನು ಸರಿಸುತ್ತ ಧಾವಿಸಿದರು. “ಕೊಡಿ ಇಲ್ಲಿ. ಅದು ಕ್ಲಬ್ಬಿನ ಆಸ್ತಿ.”

ಅಷ್ಟರಲ್ಲಿ ಅದು ಕೈಯಿಂದ ಕೈಗೆ ದಾಟಿ ಬಾಗಿಲ ಬಳಿ ತಲುಪಿತ್ತು. ಅತ್ತೆ ಅದನ್ನು ಬೆಳಕಿಗೆ ಹಿಡಿದರು. ಮುರಿದ ಕಡೆ ಉಗುರಿನಿಂದ ಕೆರೆದರು. ಮೂಗಿನ ಹತ್ತಿರ ತಂದರು.

“ಏನತ್ತೆ? ಒದ್ದೆ ಇತ್ತಾ?” ಹುಡುಗಿ ಕುರ್ಚಿಯಿಂದ ಮುಂದಕ್ಕೆ ಬಾಗಿದಳು.

ಅತ್ತೆ ಗಂಡನ ಕಡೆ ತಿರುಗಿದರು.

“ರೀ, ಕಟ್ಟುಹಲ್ಲಿಗೆ ನಾವು ಹಾಕೋ ಪ್ಲಾಸ್ಟಿಕ್ ಒಸಡನ್ನ ಬಂಡೆಗೆ ಯಾಕ್ರೀ ಹಾಕಿದ್ರಿ?”